ಅಂಡದಾನದ ಹಣದ ಬಗ್ಗೆ ಕೇಳಿದ ತಂಗಿಗೆ

ನಮಸ್ಕಾರ. ವಿಜಯನಗರದಿಂದ ಅಮೆರಿಕಕ್ಕೆ ಎಂ.ಎಸ್. ಓದಲು ಬಂದು ಐದು ತಿಂಗಳಾಯಿತೆಂದೂ, ಭಾರತೀಯ ಮೂಲದ ಅಂಡದಾನಿಗೆ, ಅಂದರೆ ಮಕ್ಕಳಾಗದವರಿಗೆ ತನ್ನ ಅಂಡಾಣು ಕೊಡುವ ಹೆಣ್ಣಿಗೆ, 10,000 ಡಾಲರ್ ಕೊಡುವುದಾಗಿ ಹೇಳುವ ಜಾಹೀರಾತನ್ನು ವಿಶ್ವವಿದ್ಯಾಲಯದ ಸೂಚನಾ ಫಲಕದಲ್ಲಿ ಕಂಡಿರೆಂದೂ, ಅರ್ಜಿಗೆ ಬರುವ ಶುಕ್ರವಾರವೇ ಕೊನೆಯ ದಿನವೆಂದೂ ಬರೆದಿದ್ದೀರಿ. ಜೊತೆಯಲ್ಲಿರುವ ಹುಡುಗಿಯರು ಇದರಲ್ಲಿ ತಪ್ಪೇನಿದೆ ಎನ್ನುತ್ತಾರೆ. ನಿಮ್ಮ ತಾಯಿಯವರು ‘ಮಗೂನ ಮಾರ್ತೀಯೇನೇ?’ ಎಂದು ಫೋನಿನಲ್ಲಿ ಅತ್ತರು. ಹೊರದೇಶದ ಜನ ಇದನ್ನು ಹೇಗೆ ಕಾಣುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ನಾನು ಬಸವನಗುಡಿಯವಳು. ಆರು ವರ್ಷ ಇಂಗ್ಲೆಂಡಿನಲ್ಲಿದ್ದು, ಈಗ ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಮಾಡುತ್ತಿದ್ದೇನೆ.

ಹೊರದೇಶ ಎಂಬುದಕ್ಕೆ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿಲ್ಲ. ಕೆನಡಾದಲ್ಲಿ ದಾನಿಗೆ ಹಣ ಕೊಟ್ಟು ಅಂಡಾಣು ಅಥವಾ ವೀರ್ಯ ಕೊಳ್ಳುವುದು 2004ರ ಕಾಯಿದೆಯ ಪ್ರಕಾರ ಅಪರಾಧ; ಅಲ್ಲಿ ತಗಲಿದ ವೆಚ್ಚವನ್ನು ಮಾತ್ರ ಮರಳಿ ಕೊಡಬಹುದು. ಇಂಗ್ಲೆಂಡಿನಲ್ಲಿ ಸರ್ಕಾರದ ನಿಯಂತ್ರಣ ಸಂಸ್ಥೆಯೇ ಮೊತ್ತವನ್ನು ಗೊತ್ತುಮಾಡಿದೆ: ಅಂಡದಾನದ ಒಂದು ಸುತ್ತಿಗೆ 2012ರಿಂದ 750 ಪೌಂಡ್ ಇದ್ದದ್ದು 2024ರ ಅಕ್ಟೋಬರಿನಲ್ಲಿ 985 ಆಯಿತು, ವೀರ್ಯದಾನಿಗೆ ಪ್ರತಿ ಭೇಟಿಗೆ 45 ಪೌಂಡ್. ದುಡ್ಡಿಗಾಗಿ ಮಾಡಿದೆ ಎಂದು ಅಲ್ಲಿ ಹೇಳಿಕೊಂಡರೆ ಎದುರಿಗಿರುವವರು ಮಾತು ಬದಲಿಸುತ್ತಾರೆ. ಅಮೆರಿಕದಲ್ಲಿ ಅಂಥ ಸಂಕೋಚವಿಲ್ಲ. ಇಲ್ಲಿನ ಸಂತಾನ ಚಿಕಿತ್ಸಾ ತಜ್ಞರ ಸಂಘವು, 5,000 ಡಾಲರಿಗಿಂತ ಹೆಚ್ಚು ಕೊಟ್ಟರೆ ಕಾರಣ ಹೇಳಬೇಕು, 10,000 ದಾಟುವುದು ಸರಿಯಲ್ಲ ಎಂದು ತನ್ನ ಮಾರ್ಗಸೂಚಿಯಲ್ಲಿ ಬರೆದಿತ್ತು; ಹಾಗೆ ಬೆಲೆ ಕಟ್ಟಿಹಾಕುವುದು ಅನ್ಯಾಯವೆಂದು 2011ರಲ್ಲಿ ಅಂಡದಾನಿಗಳೇ ನ್ಯಾಯಾಲಯಕ್ಕೆ ಹೋದರು, 2016ರ ರಾಜಿಯಲ್ಲಿ ಆ ಅಂಕಿಗಳನ್ನು ಕೈಬಿಡಲಾಯಿತು. ಆದರೂ ಇಲ್ಲಿನವರ ಮಾತಿನಲ್ಲೂ ಒಂದು ತೊಡಕು ಉಳಿದಿದೆ. ವೀರ್ಯ ಕೊಡುವ ಹುಡುಗನೊಡನೆ ಕೆಲಸ, ಸಂಪಾದನೆ ಎಂದು ಮಾತನಾಡುವವರೇ, ಅವನಿಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಪಡೆಯುವ ಹುಡುಗಿಯೊಡನೆ ಉಡುಗೊರೆ, ಕರುಣೆ ಎಂದು ಮಾತನಾಡುತ್ತಾರೆ. ಗಂಡು ದುಡಿಯಬಹುದು, ಹೆಣ್ಣು ತ್ಯಾಗವನ್ನೇ ಮಾಡಬೇಕು ಎಂಬ ಭಾವನೆ ನಮ್ಮ ಊರಿನದಷ್ಟೇ ಅಲ್ಲ.

ನಮ್ಮಲ್ಲಿ ದಾನ ಕೊಡುವವನೇ ತುಳಸಿದಳದೊಂದಿಗೆ ದಕ್ಷಿಣೆಯನ್ನೂ ಇಟ್ಟು ಕೈಮುಗಿಯುವುದು ಪದ್ಧತಿ. ಹಾಗಾಗಿ, ಕೊಟ್ಟವಳೇ ಹಣ ಪಡೆದಳು ಎಂದ ಕೂಡಲೇ ನಮ್ಮ ಹಿರಿಯರಿಗೆ ಅದು ದಾನವಾಗಿ ಕಾಣದೆ ವ್ಯಾಪಾರವಾಗಿ ಕಾಣುತ್ತದೆ. ನಿಮ್ಮ ತಾಯಿಯವರ ಅಳುವಿನ ಹಿಂದೆ ಇದೂ ಇರಬಹುದು. ಭಾರತದ ಕಾನೂನೂ ಇಂದು ಅವರ ಕಡೆಗೇ ಇದೆ: 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಅಂಡಾಣುವನ್ನು ಮಾರುವಂತಿಲ್ಲ, 23ರಿಂದ 35 ವರ್ಷದೊಳಗಿನ ಹೆಂಗಸು ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಅವಳ ಹೆಸರಿನಲ್ಲಿ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು.

ಆ ಕಾಯಿದೆ ಬರುವುದಕ್ಕೆ ಮೊದಲು, 2013ರ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ಚಿಕ್ಕಮ್ಮನ ಮಗಳ ಜೊತೆ ಜಯನಗರದ ಒಂದು ಚಿಕಿತ್ಸಾ ಕೇಂದ್ರಕ್ಕೆ ಹೋಗಿದ್ದೆ. ಅವಳಿಗೆ ಬೇರೆಯವರ ಅಂಡಾಣು ಬೇಕಾಗಿತ್ತು. ಅವಳ ಅತ್ತೆಯವರು ವೈದ್ಯರನ್ನು ಮೊದಲು ಕೇಳಿದ್ದು ‘ಹುಡುಗಿ ಬೆಳ್ಳಗಿದ್ದಾಳಾ, ಯಾವ ಜನ?’ ಎಂದು. ನಾನು ನೀರು ಕುಡಿಯಲೆಂದು ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ಕುಳಿತಿದ್ದರು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಇಬ್ಬರು ಮಕ್ಕಳು. ಏಜೆಂಟ್ ಹೆಂಗಸು 25,000 ರೂಪಾಯಿ ಎಂದು ಮಾತಾಡಿ, ಆಟೋ, ಊಟ, ಕಮಿಷನ್ ಎಂದು ಕಳೆದು, 17,000 ಎಣಿಸಿ ಕೊಟ್ಟಳು. ‘ಅತ್ತೆಗೆ ಗೊತ್ತಿಲ್ಲ ಅಕ್ಕಾ, ಹತ್ತು ದಿನದಿಂದ ಇಂಜೆಕ್ಷನ್ನು. ರಜ ಹಾಕಿದ್ದಕ್ಕೆ ಸಂಬಳಾನೂ ಕಟ್ ಆಯ್ತು’ ಎಂದು ಆ ಹೆಂಗಸು ನೋಟುಗಳನ್ನು ಟಿಫಿನ್ ಡಬ್ಬಿಯೊಳಗೆ ಇಟ್ಟುಕೊಂಡರು. ಅವರು ಹಣ ಪಡೆದದ್ದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಸಿಕ್ಕಿದ್ದು ಕಡಿಮೆ ಎಂಬುದು, ನೋವನ್ನು ಮನೆಯಲ್ಲಿ ಹೇಳಿಕೊಳ್ಳಲಾರದೆ ಅವರು ಬಸ್ಸು ಹತ್ತಬೇಕಾಯಿತು ಎಂಬುದು ಮಾತ್ರ ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸುಮಾರು ಎರಡು ವಾರ ದಿನವೂ ಚುಚ್ಚುಮದ್ದು ತೆಗೆದುಕೊಂಡು, ಮತ್ತೆ ಮತ್ತೆ ಸ್ಕ್ಯಾನಿಗೆ ಹೋಗಿ, ಕೊನೆಗೆ ಮತ್ತಿನ ಮದ್ದಿನಲ್ಲಿ ಮಲಗಿ ಯೋನಿಮಾರ್ಗದಿಂದ ಸೂಜಿಯ ಮೂಲಕ ಅಂಡಾಣು ತೆಗೆಸಿಕೊಳ್ಳುವ ಹೆಣ್ಣಿನ ಶ್ರಮಕ್ಕೆ ಹಣ ಸಲ್ಲಬೇಕು. ಆ ಹಣ ಮಗುವಿನ ಬೆಲೆಯಲ್ಲ. ನಾನು ಒಪ್ಪದಿರುವುದು ಆ ಬೆಲೆ ಹೆಣ್ಣಿಂದ ಹೆಣ್ಣಿಗೆ ಬದಲಾಗುವುದನ್ನು. ಎತ್ತರವಾಗಿರುವ, ಪ್ರವೇಶ ಪರೀಕ್ಷೆಯಲ್ಲಿ 1,400ಕ್ಕೂ ಹೆಚ್ಚು ಅಂಕ ಪಡೆದ ಹುಡುಗಿಗೆ 50,000 ಡಾಲರ್ ಕೊಡುವ ಜಾಹೀರಾತು 1999ರಲ್ಲಿ ಇಲ್ಲಿನ ಹೆಸರಾಂತ ವಿಶ್ವವಿದ್ಯಾಲಯಗಳ ಪತ್ರಿಕೆಗಳಲ್ಲಿ ಬಂದಿತ್ತು. ಸೂಜಿಯ ನೋವು ಅಂಕಪಟ್ಟಿಯನ್ನು ನೋಡಿ ಹೆಚ್ಚು ಕಡಿಮೆಯಾಗುವುದಿಲ್ಲ. ಜಯನಗರದಲ್ಲಿ ಬಣ್ಣ, ಜಾತಿ ಕೇಳಿದವರಿಗೂ ಈ ಜಾಹೀರಾತು ಕೊಟ್ಟವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ಜಾಹೀರಾತಿನ ಮೊತ್ತ ಯಾವುದಕ್ಕೆ ಎಂಬುದನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ.

ನೀವು ಒಪ್ಪುವುದಾದರೆ ಕೆಲವು ವಿಷಯಗಳನ್ನು ತಿಳಿದಿರಬೇಕು. ಅಂಡಾಶಯಗಳು ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ತೊಂದರೆ ಕೆಲವರಿಗೆ ಬರುತ್ತದೆ, ತೀವ್ರವಾದರೆ ಆಸ್ಪತ್ರೆ ಸೇರಬೇಕಾಗುತ್ತದೆ. ಆ ಬಿಲ್ಲು ಯಾರು ಕಟ್ಟುತ್ತಾರೆ, ಎಷ್ಟು ತಿಂಗಳವರೆಗೆ ಕಟ್ಟುತ್ತಾರೆ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಬೇಕು. ಈ ಹಣ ತೆರಿಗೆಗೆ ಒಳಪಟ್ಟ ಆದಾಯ ಎಂದು ಇಲ್ಲಿನ ತೆರಿಗೆ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿದೆ. ನೀವು ವಿದ್ಯಾರ್ಥಿ ವೀಸಾದಲ್ಲಿರುವುದರಿಂದ, ಏಜೆನ್ಸಿಯವರ ಮಾತನ್ನಷ್ಟೇ ನಂಬದೆ, ಸಹಿ ಮಾಡುವ ಮೊದಲೇ ವಲಸೆ ವಕೀಲರೊಬ್ಬರನ್ನು ಕಾಣಿ. ಹೆಸರು ಗುಟ್ಟಾಗಿರುತ್ತದೆ ಎಂಬ ಭರವಸೆಯನ್ನೂ ಪೂರ್ತಿ ನಂಬಬೇಡಿ: ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ, ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2025ರಿಂದ ಅನಾಮಧೇಯ ದಾನಕ್ಕೆ ಅವಕಾಶವಿಲ್ಲ; ಉಳಿದ ಕಡೆ ಎಂಜಲಿನ ಡಿಎನ್‌ಎ ಪರೀಕ್ಷೆಯೊಂದೇ ಸಾಕು, ಸಂಬಂಧ ತಿಳಿದುಹೋಗುತ್ತದೆ. ಇಪ್ಪತ್ತು ವರ್ಷಗಳ ನಂತರ ಒಬ್ಬ ಯುವಕನೋ ಯುವತಿಯೋ ನಿಮಗೆ ಪತ್ರ ಬರೆದರೆ ಉತ್ತರಿಸುವ ಮನಸ್ಸಿದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಮುಂದೆ ಮದುವೆಯಾಗುವವರಿಗೂ ಹೇಳಬೇಕಾಗುತ್ತದೆ.

ಈ ಶುಕ್ರವಾರ ಕಳೆದುಹೋಗಲಿ ಬಿಡಿ. ಭಾರತೀಯ ಮೂಲದ ದಾನಿಗಳು ಇಲ್ಲಿ ವಿರಳವಾಗಿರುವುದರಿಂದಲೇ ಅವರು ನಿಮ್ಮನ್ನು ಹುಡುಕುತ್ತಿದ್ದಾರೆ. ಮುಂದಿನ ತಿಂಗಳೂ ಅವರಿಗೆ ನಿಮ್ಮ ಅಗತ್ಯವಿರುತ್ತದೆ. ಅಷ್ಟರಲ್ಲಿ ನಿಮ್ಮ ತಾಯಿಯವರಿಗೆ ಇನ್ನೊಮ್ಮೆ ಫೋನ್ ಮಾಡಿ, ಹಣದ ಮಾತು ಬಿಟ್ಟು, ಆ ಎರಡು ವಾರ ನಿಮ್ಮ ಮೈಗೆ ಏನೇನು ಮಾಡುತ್ತಾರೆ ಎಂಬುದನ್ನು ಮೊದಲು ತಿಳಿಸಿ.