ಪ್ರತಿಕ್ರಿಯೆ: ಮೂಡಿಗೆರೆ ಕಡೆ ಕುಡಿತ ಬಿಡಿಸುವ ಕೆಲಸಕ್ಕೆ ಅನುದಾನ

ನಮಸ್ಕಾರ ಸರ್. ಕಾಫಿ ತೋಟದ ಲೈನ್ ಮನೆಗಳಲ್ಲಿ ಕುಡಿತ ಬಿಡಿಸುವ ಕೆಲಸ ಶುರು ಮಾಡಬೇಕು, ನಮ್ಮ ಚಿಕ್ಕ ಟ್ರಸ್ಟಿಗೆ ದುಡ್ಡು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ತುಂಬಾ ಬೇಕಾದ ಕೆಲಸ ಇದು.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಕೊಡುತ್ತದೆ. ಅರ್ಜಿ ಇ-ಅನುದಾನ್ ಪೋರ್ಟಲ್‌ನಲ್ಲೇ. ಮೊದಲು ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಆದ ಎನ್‌ಜಿಒ ದರ್ಪಣ್‌ನಲ್ಲಿ ನೋಂದಣಿ ಮಾಡಿಸಿ. ಆದರೆ ಹೊಸ ಟ್ರಸ್ಟಿಗೆ ಇದು ದೂರದ ದಾರಿ. ಹಿಂದಿನ ಕೆಲಸ, ಆಡಿಟ್ ಆದ ಲೆಕ್ಕ ಎಲ್ಲಾ ಕೇಳುತ್ತಾರೆ.

ನನ್ನ ಪ್ರಕಾರ ನಿಮಗೆ ಸಿಎಸ್‌ಆರ್ ದುಡ್ಡೇ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡೇ ಹತ್ತಿರ. ಅದಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಈ ಸಿಎಸ್‌ಆರ್-1 ಕಡ್ಡಾಯ.

ಪ್ರಸ್ತಾವನೆಯಲ್ಲಿ 'ಜಾಗೃತಿ ಕಾರ್ಯಕ್ರಮ' ಅಂತ ಸುಮ್ನೆ ಬರೆಯಬೇಡಿ. ಬ್ಯಾನರ್, ಮೈಕ್, ಊಟ ಅಂತ ಖರ್ಚು ತೋರಿಸಿದರೆ ಯಾರಿಗೂ ನಂಬಿಕೆ ಬರಲ್ಲ. ಬಟವಾಡೆ ದಿನ ಸಂಜೆ ಕೂಲಿ ಎಷ್ಟು ಮನೆ ಸೇರುತ್ತೆ, ಎಷ್ಟು ಅಂಗಡಿಯಲ್ಲೇ ಉಳಿಯುತ್ತೆ ಅಂತ ಹೆಂಗಸರನ್ನೇ ಕೇಳಿ, ಅವರ ಮಾತಲ್ಲೇ ಬರೆಯಿರಿ. ಆಪ್ತಸಮಾಲೋಚಕರ ಸಂಬಳ, ಆಸ್ಪತ್ರೆಗೆ ಹೋಗಿಬರುವ ಜೀಪ್ ಖರ್ಚು, ಬಿಟ್ಟವರನ್ನು ವರ್ಷವಿಡೀ ವಿಚಾರಿಸಿಕೊಳ್ಳುವ ವ್ಯವಸ್ಥೆ, ಇವನ್ನು ಬೇರೆಬೇರೆ ತೋರಿಸಿ. ಕೊನೆಯದನ್ನೇ ಜಾಸ್ತಿ ಜನ ಮರೆಯೋದು. ಮತ್ತೆ ಕುಡಿತಕ್ಕೆ ಬೀಳೋದು ಆಗಲೇ ಅಲ್ವಾ?

ದುಡ್ಡು ಬರುವವರೆಗೆ ಕಾಯಬೇಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ (ಕುಡಿತ ಬಿಡಿಸುವ) ಶಿಬಿರ ಮಾಡುತ್ತಾರೆ, ಸ್ಥಳೀಯ ಕಚೇರಿಯಲ್ಲಿ ಮಾತಾಡಿ. ತುರ್ತಾಗಿ ಸಲಹೆ ಬೇಕಾದ ಮನೆಗಳಿಗೆ 14446 ಸಹಾಯವಾಣಿ ಕೊಡಿ, ಕರೆ ಉಚಿತ. ಮತ್ತೆ, ದಿನಾ ಜಾಸ್ತಿ ಕುಡಿಯುವವರನ್ನು ಡಾಕ್ಟರ್ ಇಲ್ಲದೆ ಒಮ್ಮೆಗೇ ಬಿಡಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ.