ಆಪ್ತಸಲಹೆ ಪ್ರಕರಣ: ಕಾರಣದ ಅಂಕಣದಲ್ಲಿ ‘ಜ್ವರ’ ಎಂದು ಬರೆದವರು ಯಾರು?

ಇತಿಹಾಸದ ಪದವಿಯ ಮೂರನೆಯ ವರ್ಷ ಮುಗಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬರು ತಂದೆಯೊಂದಿಗೆ ನನ್ನ ಬಳಿಗೆ ಬಂದರು. ಅವರಿಬ್ಬರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಾಯಿಸಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಒಂದು ವರ್ಷದ ಆನರ್ಸ್ ಸಂಶೋಧನೆಗೆ ಅವಕಾಶ ಸಿಕ್ಕಿತ್ತು. ಅದೇ ವಾರ ಮಾನವ ಸಂಪನ್ಮೂಲ (ಎಚ್.ಆರ್.) ನಿರ್ವಹಣೆಯ ಸ್ನಾತಕೋತ್ತರ ಕೋರ್ಸಿಗೂ ಆಯ್ಕೆಯಾಗಿದ್ದರು. ಒಪ್ಪಿಗೆ ತಿಳಿಸಲು ಮೂರು ವಾರ ಉಳಿದಿತ್ತು.

“ಇತಿಹಾಸದಲ್ಲಿ ಇನ್ನೊಂದು ವರ್ಷ ಕಳೆದರೆ ಕೈಗೆ ಏನು ಹತ್ತುತ್ತದೆ, ನೀವೇ ಹೇಳಿ ಮೇಡಂ” ಎಂದು ತಂದೆ ಕೇಳಿದರು. ಮಗಳು ಅವರೆದುರು ಮಾತನಾಡಲಿಲ್ಲ. ಒಬ್ಬರೇ ಕುಳಿತಾಗ, ಎಚ್.ಆರ್. ಕೋರ್ಸಿಗೆ ಹೋದರೆ ಮೂರು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ, ಹೋಗದಿದ್ದರೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ ಎಂದು ಅತ್ತರು.

ಇಬ್ಬರೂ ಕೋರ್ಸಿನ ಹೆಸರುಗಳ ಬಗ್ಗೆ ಮಾತನಾಡುತ್ತಿದ್ದರೇ ಹೊರತು, ಆ ಕೋರ್ಸುಗಳಲ್ಲಿ ದಿನವಿಡೀ ಮಾಡಬೇಕಾದ ಕೆಲಸದ ಬಗ್ಗೆ ಅಲ್ಲ ಎಂಬುದು ನನ್ನ ಗಮನಕ್ಕೆ ಬಂತು. ಹಾಗಾಗಿ ಅಭಿರುಚಿ ಪರೀಕ್ಷೆಯನ್ನು ಬದಿಗಿಟ್ಟು, ಸದ್ಯ ಏನು ಓದುತ್ತಿದ್ದೀರಿ ತೋರಿಸಿ ಎಂದೆ. ಅವರು ಫೋನಿನಲ್ಲಿದ್ದ ಚಿತ್ರಗಳನ್ನು ತೆರೆದರು. ಅದು ಹಳೆಯ ನೂಲಿನ ಗಿರಣಿಯೊಂದರ ಹಾಜರಿ ಪುಸ್ತಕ. ಗೈರುಹಾಜರಿಯ ಕಾರಣ ಬರೆಯುವ ಅಂಕಣದಲ್ಲಿ ಹನ್ನೊಂದು ಹೆಸರುಗಳ ಮುಂದೆ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ‘ಜ್ವರ’, ‘ಜ್ವರ’ ಎಂದು ಇಳಿದು ಹೋಗಿತ್ತು. ಪಕ್ಕದ ಚಿತ್ರದಲ್ಲಿದ್ದ ಕೂಲಿ ಲೆಕ್ಕದ ಪ್ರಕಾರ ಅದೇ ವಾರ ಕೂಲಿಯ ದರ ಇಳಿದಿತ್ತು. “ಹನ್ನೊಂದು ಜನರಿಗೆ ಒಂದೇ ದಿನ ಜ್ವರ ಬರುವುದಿಲ್ಲವಲ್ಲ ಮೇಡಂ, ಇದನ್ನು ಬರೆದವರು ಕೆಲಸಗಾರರಲ್ಲ, ಗುಮಾಸ್ತರು” ಎಂದರು. ಆಗ ಅವರ ಧ್ವನಿಯಲ್ಲಿ ಮೊದಲಿನ ನಡುಕ ಇರಲಿಲ್ಲ.

ಎರಡನೆಯ ಭೇಟಿಗೆ ಎಚ್.ಆರ್. ಕೋರ್ಸಿನ ಪಠ್ಯಕ್ರಮ ತರಲು ಹೇಳಿದ್ದೆ. ಸಂದರ್ಶನ ಮಾಡುವುದು, ಎಲ್ಲರೊಂದಿಗೆ ನಗುನಗುತ್ತಾ ಇರುವುದು, ಇಷ್ಟೇ ಆ ವೃತ್ತಿ ಎಂದು ಅವರು ತಿಳಿದಿದ್ದರು. ನೇಮಕಾತಿಯ ಜೊತೆಗೆ ವೇತನ, ತರಬೇತಿ, ಕಾರ್ಮಿಕ ಕಾನೂನು, ದೂರುಗಳ ವಿಚಾರಣೆ, ಶಿಸ್ತುಕ್ರಮ, ಕೆಲಸದಿಂದ ತೆಗೆಯುವ ಕಠಿಣ ಪ್ರಕ್ರಿಯೆ ಎಲ್ಲವೂ ಅದರಲ್ಲಿ ಸೇರಿದೆ ಎಂಬುದನ್ನು ಒಟ್ಟಿಗೆ ಓದಿ ನೋಡಿದೆವು. ಪಠ್ಯಕ್ರಮದ ಮೊದಲ ಘಟಕವೇ ಇತಿಹಾಸವಾಗಿತ್ತು: 1911ರಲ್ಲಿ ಪ್ರಕಟವಾದ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಅವರ ‘ವೈಜ್ಞಾನಿಕ ನಿರ್ವಹಣೆಯ ತತ್ವಗಳು’ ಪುಸ್ತಕ, ದಿನಕ್ಕೆ 8 ಗಂಟೆ ಹಾಗೂ ವಾರಕ್ಕೆ 48 ಗಂಟೆಗಳ ಮಿತಿ ಹಾಕಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಮೊದಲ ಒಡಂಬಡಿಕೆ, ಶಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ಬೆಳಕಿನ ಪ್ರಮಾಣ ಬದಲಾದರೆ ಕೆಲಸದ ಪ್ರಮಾಣವೂ ಬದಲಾಗುತ್ತದೆಯೇ ಎಂಬ ಪ್ರಶ್ನೆಯೊಂದಿಗೆ 1924ರಲ್ಲಿ ಆರಂಭವಾದ ಅಧ್ಯಯನಗಳು. ಆ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ ಸುಮಾರು 21,000 ಉದ್ಯೋಗಿಗಳನ್ನು ಮಾತನಾಡಿಸಿದರು. ಮೊದಲು ಸಿದ್ಧ ಪ್ರಶ್ನೆಗಳಿದ್ದವು. ಉದ್ಯೋಗಿಗಳು ಅವುಗಳನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳತೊಡಗಿದಾಗ, ಕೇಳುವವರು ಪ್ರಶ್ನೆಗಳನ್ನು ಬಿಟ್ಟು ಕಿವಿಗೊಡುವುದನ್ನು ಕಲಿಯಬೇಕಾಯಿತು. 1936ರಲ್ಲಿ ಅಲ್ಲಿಯೇ ಉದ್ಯೋಗಿಗಳಿಗಾಗಿ ಆಪ್ತಸಲಹೆ ಆರಂಭವಾಯಿತು. ನನ್ನ ವೃತ್ತಿಯ ಒಂದು ಬೇರು ಅಲ್ಲಿದೆ ಎಂಬ ಕಾರಣಕ್ಕೆ ಈ ಸಂಗತಿ ನನಗೆ ಆಪ್ತವಾದುದು. ಹಾಥಾರ್ನ್ ಅಂಕಿಅಂಶಗಳನ್ನು ನಂತರದ ಸಂಶೋಧಕರು ಮತ್ತೆ ತೆರೆದು ಹಳೆಯ ತೀರ್ಮಾನಗಳನ್ನು ಪ್ರಶ್ನಿಸಿದ್ದಾರೆ ಎಂದು ನಾನು ಹೇಳಿದಾಗ ವಿದ್ಯಾರ್ಥಿನಿ ತಕ್ಷಣ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಕೆಲಸ ಬಿಡುವವರು ಬಹಳಷ್ಟು ಬಾರಿ ನಮೂನೆಯಲ್ಲಿ ‘ವೈಯಕ್ತಿಕ ಕಾರಣ’ ಎಂದಷ್ಟೇ ಬರೆಯುತ್ತಾರೆ. ಅದನ್ನು ನಿಮ್ಮ ಹಾಜರಿ ಪುಸ್ತಕದ ‘ಜ್ವರ’ದ ಪಕ್ಕದಲ್ಲಿಟ್ಟು ನೋಡಿ ಎಂದೆ. ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬಿಟ್ಟರು ಎಂದು ಆಕರವನ್ನು ಕೇಳಲು ಕಲಿತವರಿಗೆ ಎಚ್.ಆರ್. ಕಚೇರಿಯಲ್ಲಿ ಆ ಕಲಿಕೆ ವ್ಯರ್ಥವಾಗದು.

ಆದರೂ ಎರಡೂ ಒಂದೇ ಎಂದು ನಾನು ಹೇಳಲಿಲ್ಲ, ಹೇಳಿದ್ದರೆ ಅದು ಸುಳ್ಳು ಸಮಾಧಾನವಾಗುತ್ತಿತ್ತು. ಆನರ್ಸ್ ಸಂಶೋಧನೆಯೆಂದರೆ ವರ್ಷವಿಡೀ ಒಂದೇ ಪ್ರಶ್ನೆ, ಒಬ್ಬರೇ ಮಾರ್ಗದರ್ಶಕರು, ಹುಡುಕಿದ್ದು ಸಿಗದೆ ಬರಿಗೈಯಲ್ಲಿ ಮರಳುವ ದಿನಗಳು. ಎಚ್.ಆರ್. ಕೆಲಸದಲ್ಲಿಯಾದರೋ ಅರ್ಧ ಮಾಹಿತಿಯನ್ನೇ ಇಟ್ಟುಕೊಂಡು ಸಂಜೆಯೊಳಗೆ ನಿರ್ಧಾರ ಹೇಳಬೇಕಾಗುತ್ತದೆ, ಆ ನಿರ್ಧಾರದಿಂದ ಬಾಧಿತರಾಗುವವರು ಎದುರಿಗೇ ಕುಳಿತಿರುತ್ತಾರೆ. ಯಾವ ಬಗೆಯ ದಣಿವನ್ನು ನೀವು ತಾಳಬಲ್ಲಿರಿ ಎಂದು ತಿಳಿಯಲು, ಹತ್ತು ದಿನಗಳಲ್ಲಿ ನಾಲ್ಕು ದಿನ ಪತ್ರಾಗಾರದಲ್ಲಿ ಒಬ್ಬರೇ ಕುಳಿತು ಕೆಲಸ ಮಾಡಿ, ಎಚ್.ಆರ್. ವೃತ್ತಿಯಲ್ಲಿರುವ ಇಬ್ಬರನ್ನು ಕಂಡು “ನಿನ್ನೆ ಬೆಳಗ್ಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ” ಎಂದಷ್ಟೇ ಕೇಳಿ, ಎರಡನ್ನೂ ದಿನಚರಿಯಲ್ಲಿ ಬರೆದಿಡಿ ಎಂದು ಸಲಹೆ ಕೊಟ್ಟೆ.

ತಂದೆಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದಾಗ, ಎರಡು ವರ್ಷಗಳಲ್ಲಿ ತಮಗೆ ನಿವೃತ್ತಿ ಎಂದು ತಿಳಿಸಿದರು. ಇದನ್ನು ಅವರು ಮಗಳಿಗೆ ಬಿಡಿಸಿ ಹೇಳಿರಲಿಲ್ಲ. ಅವರದು ಇತಿಹಾಸದ ಮೇಲಿನ ತಾತ್ಸಾರವಲ್ಲ, ಲೆಕ್ಕಕ್ಕೆ ಸಿಗುವ ನಿಜವಾದ ಚಿಂತೆ. ಅಂಥ ಚಿಂತೆಯನ್ನು “ಆಸಕ್ತಿ ಇದ್ದರೆ ಎಲ್ಲವೂ ಸರಿಹೋಗುತ್ತದೆ” ಎಂಬ ಮಾತಿನಿಂದ ತಳ್ಳಿಹಾಕುವುದು ಸಲಹೆಗಾರರಿಗೆ ಶೋಭಿಸದು. ಅದನ್ನು ಮಗಳ ಮುಂದೆಯೇ ಹೇಳುವಂತೆ ಕೋರಿದೆ, ಅವರು ಹೇಳಿದರು.

ಮೂವರೂ ಕುಳಿತು ಒಪ್ಪಿದ್ದು ಇಷ್ಟು. ಎಚ್.ಆರ್. ಪ್ರವೇಶವನ್ನು ಒಂದು ವರ್ಷ ಮುಂದೂಡಲು ಸಾಧ್ಯವೇ ಎಂದು ಲಿಖಿತವಾಗಿ ಕೇಳುವುದು. ಆನರ್ಸ್ ಅವಧಿಯಲ್ಲಿ ಮಾನವ ಸಂಪನ್ಮೂಲದ ಒಂದು ಐಚ್ಛಿಕ ವಿಷಯ ಓದಲು ಅವಕಾಶವಿದೆಯೇ ಎಂದು ಮಾರ್ಗದರ್ಶಕರನ್ನು ವಿಚಾರಿಸುವುದು. ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಪ್ರತಿ ಅಧ್ಯಾಯದ ಕರಡಿಗೆ ದಿನಾಂಕ ಗೊತ್ತುಮಾಡಿಕೊಳ್ಳುವುದು. ಶಿಷ್ಯವೇತನ ಸಿಗದಿದ್ದರೆ ಆ ವರ್ಷದ ಬಳಿಕ ನೇರವಾಗಿ ಡಾಕ್ಟರೇಟ್ ಕಡೆಗೆ ಹೋಗದಿರುವುದು. ಪ್ರವೇಶ ಮುಂದೂಡಲು ಆ ಸಂಸ್ಥೆ ಒಪ್ಪಲಿಲ್ಲ. ದಿನಚರಿಯನ್ನು ಎರಡು ಸಲ ಓದಿಕೊಂಡ ವಿದ್ಯಾರ್ಥಿನಿ, ಅವಕಾಶ ಕೈತಪ್ಪುತ್ತದೆಂದು ತಿಳಿದೂ ಆನರ್ಸ್ ಆರಿಸಿಕೊಂಡರು.

ಎಂಟು ತಿಂಗಳ ನಂತರ ಅವರು ಬಂದಿದ್ದರು. ಆ ಹನ್ನೊಂದು ಜನರಲ್ಲಿ ಒಬ್ಬರು ಹೆಬ್ಬೆಟ್ಟು ಒತ್ತಿ ಸಲ್ಲಿಸಿದ ಮನವಿಪತ್ರ ಸಿಕ್ಕಿತ್ತು. ಅದರಲ್ಲಿ ಜ್ವರದ ಮಾತೇ ಇರಲಿಲ್ಲ, ಇಳಿಸಿದ ಕೂಲಿಯ ಮಾತಿತ್ತು. ಬ್ಯಾಗಿನಲ್ಲಿ ಮತ್ತೊಂದು ಎಚ್.ಆರ್. ಕೋರ್ಸಿನ ಅರ್ಜಿಯೂ ಇತ್ತು. ಈ ಕೋರ್ಸನ್ನು ಸೇರಲು ಕಾರಣವೇನು ಎಂಬ ಅಂಕಣವನ್ನು ತುಂಬಿಕೊಡಲು ಅಪ್ಪ ಮುಂದೆ ಬಂದಿದ್ದರಂತೆ, ಬೇಡ, ಅದನ್ನು ನಾನೇ ಬರೆಯುತ್ತೇನೆ ಎಂದು ಅವರಿಗೆ ಹೇಳಿ ಬಂದಿದ್ದರು.