ಹೋರಿ ಪುಸ್ತಕದ ಓದುಗರು ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ಕರುವನ್ನು ಆರಿಸುವುದರಿಂದ ಹಿಡಿದು ಮೇವು, ತಾಲೀಮು, ಗಾಯದ ಆರೈಕೆಯವರೆಗೆ ಹಿರಿಯರಿಂದ ಕೇಳಿ ತಿಳಿದದ್ದನ್ನೆಲ್ಲ ಸೇರಿಸಿ, ಅಲಂಕರಿಸಿದ ಹೋರಿಗಳನ್ನು ಜನರ ನಡುವೆ ಓಡಿಸುವ ಹೋರಿ ಹಬ್ಬಕ್ಕೆ ಹೋರಿ ಸಾಕುವವರಿಗಾಗಿ 140 ಪುಟಗಳ ಪುಸ್ತಕವೊಂದನ್ನು ಬರೆದು, ಸ್ವಂತ ಖರ್ಚಿನಲ್ಲಿ ಗದಗಿನಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದ್ದೇನೆ. ಬೆಲೆ 150 ರೂಪಾಯಿ. ಬಿಡುಗಡೆ ಸಮಾರಂಭ ಚೆನ್ನಾಗಿಯೇ ಆಯಿತು. ಆದರೆ ಹುಬ್ಬಳ್ಳಿ, ಧಾರವಾಡದ ಪುಸ್ತಕದಂಗಡಿಗಳಲ್ಲಿ ಇಟ್ಟ ಪ್ರತಿಗಳು ಹಾಗೆಯೇ ಕುಳಿತಿವೆ, ಉಳಿದ ಗಂಟುಗಳು ಅಟ್ಟ ಸೇರಿವೆ. ಪತ್ರಿಕೆಯಲ್ಲಿ ಜಾಹೀರಾತು ಕೊಡಲೇ?
– ಹಾನಗಲ್ಲ ತಾಲ್ಲೂಕಿನ ಓದುಗರು

ಉತ್ತರ: ಜಾಹೀರಾತಿಗೆ ಸದ್ಯಕ್ಕೆ ರೊಕ್ಕ ಹಾಕಬೇಡಿ. ಪುಸ್ತಕದಂಗಡಿಯ ಮೆಟ್ಟಿಲು ಹತ್ತುವವರು ಕಾದಂಬರಿಯನ್ನೋ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಯನ್ನೋ ಹುಡುಕಿಕೊಂಡು ಬಂದಿರುತ್ತಾರೆ; ಹೋರಿ ಸಾಕುವವರು ಆ ಕಡೆ ಸುಳಿಯುವುದೇ ಅಪರೂಪ. ಅವರು ತಪ್ಪದೆ ಹೋಗುವುದು ಹಾವೇರಿಯ ದನದ ಸಂತೆಗೆ, ಹಗ್ಗ, ಮೂಗುದಾರ, ಗೆಜ್ಜೆ, ಜೂಲ ಮಾರುವ ಅಂಗಡಿಗೆ, ಹಿಂಡಿ-ಬೂಸಾದ ಅಂಗಡಿಗೆ ಮತ್ತು ಪಶು ಆಸ್ಪತ್ರೆಗೆ. ನಿಮ್ಮ ಜಿಲ್ಲೆಯವರೇ ಆದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಓದುವ ಅಭ್ಯಾಸವೇ ಇನ್ನೂ ಬೇರೂರದ ಕಾಲದಲ್ಲಿ ಅವರು ಅಷ್ಟು ತಿರುಗಬೇಕಾಯಿತು. ನಿಮ್ಮ ಓದುಗರಾದರೋ ಗೊತ್ತಿರುವ ನಾಲ್ಕಾರು ಜಾಗಗಳಲ್ಲಿ ತಾವಾಗಿಯೇ ಸೇರುತ್ತಾರೆ.

ಮೊದಲು ಹಾವೇರಿ, ಬ್ಯಾಡಗಿ, ಹಿರೇಕೆರೂರು, ಹಾನಗಲ್ಲಗಳಲ್ಲಿ ಹೋರಿಯ ಅಲಂಕಾರ ಸಾಮಾನು ಮಾರುವ ಅಂಗಡಿಗಳಿಗೆ ಐದೈದು ಪ್ರತಿ ಕೊಟ್ಟು, ಮಾರಾಟವಾದ ಮೇಲೆ ಹಣ, ಉಳಿದದ್ದು ವಾಪಸ್ ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. ಪುಸ್ತಕ ಗಲ್ಲಾದ ಪಕ್ಕದಲ್ಲೇ ಇರಲಿ. ಗೆಜ್ಜೆಸರದ ಮರೆಗೆ ಹೋದರೆ ಅದು ಅಟ್ಟದಲ್ಲಿದ್ದಂತೆಯೇ. ಪುಸ್ತಕದಂಗಡಿಗೆ ಕೊಡುವ ಕಮಿಷನ್ನನ್ನೇ ಈ ಅಂಗಡಿಯವರಿಗೂ ಕೊಡಿ, ಜಿಪುಣತನ ಬೇಡ. ಪರಿಚಯದವರಿಗೆ ಉದ್ರಿ ಕೊಡುವುದನ್ನು ಮಾತ್ರ ಮೊದಲ ದಿನದಿಂದಲೇ ನಿಲ್ಲಿಸಿ, ಏಕೆಂದರೆ ಸ್ವಂತ ಪ್ರಕಟಣೆಯ ಬಹಳಷ್ಟು ಪುಸ್ತಕಗಳು ಮಾರಾಟವಾಗದೆ ಸೋಲುವುದಕ್ಕಿಂತ ವಸೂಲಿಯಾಗದೆ ಸೋಲುತ್ತವೆ.

ಎರಡನೆಯದು ಕಾಲ. ಹೋರಿ ಹಬ್ಬವು ಬಲಿಪಾಡ್ಯಮಿಯಿಂದ ಆರಂಭವಾಗಿ ವಾರಗಟ್ಟಲೆ ಊರಿಂದೂರಿಗೆ ನಡೆಯುತ್ತದೆಯಾದರೂ, ಪುಸ್ತಕ ಮಾರಾಟವಾಗುವುದು ಅದಕ್ಕೆ ಮುಂಚಿನ ಎರಡು ತಿಂಗಳಲ್ಲಿ, ಅಂದರೆ ಸಾಕುವವರು ಹುರಳಿಯ ಲೆಕ್ಕ ಹಾಕುತ್ತ, ಹೋರಿಯನ್ನು ಓಡಿಸಿ ಪಳಗಿಸುವ ಹೊತ್ತಿನಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳವೂ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿಯೇ ನಡೆಯುವುದರಿಂದ, ಅಲ್ಲಿ ಯಾರದಾದರೂ ಮಳಿಗೆಯಲ್ಲಿ ಅರ್ಧ ಮೇಜು ಸಿಕ್ಕರೂ ಬಿಡಬೇಡಿ. ಓಟದ ದಿನ ಅಖಾಡದ ಬಳಿ ಮಾರಲು ನಿಲ್ಲುವುದು ವ್ಯರ್ಥ. ಜನ ಜೀವ ಕೈಯಲ್ಲಿ ಹಿಡಿದು ಬೇಲಿಗೆ ಒತ್ತಿಕೊಂಡಿರುವಾಗ ಪುಟ ತಿರುವುವವರು ಯಾರು?

ಆ ದಿನದ ವ್ಯಾಪಾರವನ್ನು ಮೊದಲೇ ಹಬ್ಬ ನಡೆಸುವ ಊರಿನ ಕಮಿಟಿಯವರೊಂದಿಗೆ ಮುಗಿಸಿಕೊಳ್ಳಿ. ಗೆದ್ದ ಹೋರಿಗಳಿಗೆ ದೊಡ್ಡ ದೊಡ್ಡ ಬಹುಮಾನ ಕೊಡುವ ಕಮಿಟಿಗಳಿಗೆ, ಭಾಗವಹಿಸಿದ ಪ್ರತಿಯೊಬ್ಬ ಮಾಲೀಕರ ಕೈಗೂ ಒಂದು ಪುಸ್ತಕ ಕೊಡುವುದು ಭಾರವಾಗದು. ಐವತ್ತು ಪ್ರತಿ ಕೊಂಡರೆ ನೂರು ರೂಪಾಯಿಯಂತೆ ಕೊಡುವುದಾಗಿಯೂ, ಒಳರಕ್ಷಾಪುಟದಲ್ಲಿ ಕಮಿಟಿಯ ಹೆಸರಿನ ಚೀಟಿ ಅಂಟಿಸುವುದಾಗಿಯೂ ಹೇಳಿ ನೋಡಿ. ಹೆಸರು ಮಾಡಿದ ಹೋರಿಗಳಿಗೆಲ್ಲ ಅಭಿಮಾನಿ ಬಳಗವಿದೆ, ವಾಟ್ಸಾಪ್ ಗುಂಪಿದೆ. ಅಂಥ ಹೋರಿಯ ಮಾಲೀಕರು ಅದರ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತ ಒಂದು ಫೋಟೊ, ಪತ್ರಿಕೆಯ ವಿಮರ್ಶೆಗಿಂತ ಹೆಚ್ಚು ಪ್ರತಿಗಳನ್ನು ಮಾರಿಕೊಡುತ್ತದೆ ಎಂದು ವಿಮರ್ಶೆ ಬರೆಯುವ ನಾನೇ ಹೇಳಬೇಕಾಗಿದೆ. ಫೋಟೊದ ಕೆಳಗೆ ಬೆಲೆ, ನಿಮ್ಮ ಫೋನ್ ಸಂಖ್ಯೆ, ಪ್ರತಿ ಸಿಗುವ ಅಂಗಡಿಗಳ ಹೆಸರು, ಇಷ್ಟಿದ್ದರೆ ಸಾಕು.

ಇದೆಲ್ಲಕ್ಕೂ ಮೊದಲು, ಗಾಯದ ಆರೈಕೆಯ ಅಧ್ಯಾಯವನ್ನು ಪಶುವೈದ್ಯರೊಬ್ಬರಿಂದ ಓದಿಸಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅವರು ತಿದ್ದಿದ್ದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿಯೊಳಗೆ ಸೇರಿಸಿ. ಒಂದು ಹೋರಿಗೆ ತೊಂದರೆಯಾಯಿತೆಂಬ ಸುದ್ದಿ ಹಬ್ಬಿದರೆ, ಎಲ್ಲರೂ ಒಬ್ಬರನ್ನೊಬ್ಬರು ಬಲ್ಲ ಇಂಥ ವಲಯದಲ್ಲಿ ಮತ್ತೊಂದು ಪ್ರತಿಯೂ ಹೋಗದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿರಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಪ್ರಶ್ನೆ: ನನ್ನ ಕಸೂತಿ ವಿನ್ಯಾಸಗಳ ಪುಸ್ತಕಕ್ಕೆ ಪುಣೆ, ಬೆಂಗಳೂರು, ಮೈಸೂರುಗಳಿಂದ ಒಬ್ಬೊಬ್ಬರಾಗಿ ಫೋನ್ ಮಾಡುತ್ತಾರೆ. ಕೊರಿಯರ್ ಖರ್ಚು ಕೇಳಿ ಸುಮ್ಮನಾಗುತ್ತಾರೆ. ಏನು ಮಾಡಲಿ?
– ಗದಗ-ಬೆಟಗೇರಿಯ ಓದುಗರು

ಉತ್ತರ: ಅಂಚೆ ಇಲಾಖೆಯು 2025ರ ಮೇ 1ರಿಂದ ಪುಸ್ತಕಗಳಿಗಾಗಿಯೇ ‘ಜ್ಞಾನ ಪೋಸ್ಟ್’ ಸೇವೆಯನ್ನು ಆರಂಭಿಸಿದೆ. ಆರಂಭದ ದರದಂತೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಗರಿಷ್ಠ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ನೆಲಮಾರ್ಗದಲ್ಲಿ ಹೋಗುವುದರಿಂದ ತಲುಪಲು ತುಸು ತಡವಾಗುತ್ತದೆಂದು ಕೊಳ್ಳುವವರಿಗೆ ಮೊದಲೇ ತಿಳಿಸಿ. ಮರುಮುದ್ರಣ ಮಾಡಿಸುವಾಗ ದಪ್ಪ ಆರ್ಟ್ ಕಾಗದದ ಆಸೆಗೆ ಬೀಳದೆ, ಹೊದಿಕೆ ಸೇರಿ 300 ಗ್ರಾಂ ಮೀರದಂತೆ ಮುದ್ರಕರಲ್ಲಿ ಮಾದರಿ ಪ್ರತಿಯನ್ನು ತೂಗಿಸಿ ನೋಡಿ. ಫೋನ್ ಮಾಡಿದವರಲ್ಲಿ ಕಸೂತಿ ಕಲಿಸುವವರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಅಂಥವರೊಬ್ಬರು ತಮ್ಮ ವಿದ್ಯಾರ್ಥಿನಿಯರಿಗಾಗಿ ಹತ್ತು ಪ್ರತಿಗಳನ್ನು ಒಂದೇ ಕಟ್ಟಿನಲ್ಲಿ ತರಿಸಿಕೊಂಡರೆ ಪ್ರತಿಯೊಂದರ ಅಂಚೆ ವೆಚ್ಚ ಇನ್ನೂ ಇಳಿಯುತ್ತದೆ.